ಇಡ್ಲಿ-ವಡಾ ಪ್ಲೇಟು, ಲವಾಸಿಯೆ ಮತ್ತು ನಮ್ಮ ರಾತ್ರಿ ಶಾಲೆ

ಹೋದ ಮಳೆಗಾಲದ ಒಂದು ಭಾನುವಾರ. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಮೂರನೇ ಮಾಳಿಗೆಯಲ್ಲಿರುವ ಹುಡುಗಿಯೊಬ್ಬಳು ಪುಸ್ತಕ ಹಿಡಿದುಕೊಂಡು ಬಂದಳು. ಈ ವರ್ಷ ಎಸ್.ಎಸ್.ಸಿ. "ಅಂಕಲ್, ನೀವು ಬ್ಯಾಂಕಿನವರು, ಬ್ಯಾಲೆನ್ಸ್ ಮಾಡುವುದು ನಿಮಗೆ ಗೊತ್ತಿರಲೇಬೇಕು, ಇದೊಂದು ಹೇಳಿಕೊಡಿ" ಎಂದು ಹಿಂದಿಯಲ್ಲಿ ಕೇಳಿದಳು. ನೋಡಿದರೆ ಅದು ನಮ್ಮ ಬ್ಯಾಲೆನ್ಸ್ ಶೀಟ್ ಅಲ್ಲ, ರಾಸಾಯನಿಕ ಸಮೀಕರಣ. ಎಡಗಡೆ ಒಂದಿಷ್ಟು, ನಡುವೆ ಬಾಣ, ಬಲಗಡೆ ಒಂದಿಷ್ಟು. ಎರಡೂ ಕಡೆ ಸರಿದೂಗಿಸಬೇಕು.

ನಾನು ಬಿ.ಕಾಂ. ಗಿರಾಕಿ. ರಸಾಯನಶಾಸ್ತ್ರಕ್ಕೂ ನನಗೂ ಇದ್ದ ಸಂಬಂಧ ಹತ್ತನೇ ಕ್ಲಾಸಿಗೇ ಮುಗಿದಿತ್ತು. ಆದರೂ ಪೆನ್ನು ಹಿಡಿದು ಕೂತಾಗ ಕೈ ತಾನಾಗಿ ಓಡಿತು. ಸುಮಾರು ನಲವತ್ತು ವರ್ಷ ಹಿಂದೆ ಒಬ್ಬ ಮಾಸ್ತರರು ಕಲಿಸಿದ್ದು ಹಾಗೇ ಉಳಿದುಬಿಟ್ಟಿದೆ. ಹುಡುಗಿ ಖುಷಿಯಾಗಿ ಹೋದಳು. ನನಗೆ ಮಾತ್ರ ಆಮೇಲೆ ಸಮಾಧಾನವಿಲ್ಲ. ಈ ಸರಿದೂಗಿಸುವ ವಿದ್ಯೆಯನ್ನು ಮೊದಲು ಶುರು ಮಾಡಿದವರು ಯಾರು? ಯಾಕೆ? ರಿಟೈರ್‌ಮೆಂಟ್ ಹತ್ತಿರ ಬಂದವನಿಗೆ ಇಂಥ ತಲೆಹರಟೆಗಳಿಗೆ ಸಮಯ ಸಿಗುತ್ತದೆ ನೋಡಿ! ಹುಡುಕಿ ಓದಿದೆ. ಓದಿದಾಗ ಸಿಕ್ಕಿದ ಮನುಷ್ಯ ನಮ್ಮ ಕಸುಬಿನವನೇ ಆಗಿರಬೇಕೇ!

ಅದನ್ನು ಹೇಳುವ ಮೊದಲು ನಮ್ಮ ಶಾಲೆಯ ಕತೆ ಸ್ವಲ್ಪ ಹೇಳಬೇಕು.

*

ನಾನು ಊರಿನಲ್ಲಿ ಏಳನೇ ಕ್ಲಾಸು ಮುಗಿಸಿ 1982ರಲ್ಲಿ ಮುಂಬಯಿ ಬಸ್ಸು ಹತ್ತಿದವನು. ಆ ಕಾಲದಲ್ಲಿ ದಕ್ಷಿಣ ಕನ್ನಡದಿಂದ ಬರುತ್ತಿದ್ದ ನನ್ನಂಥ ಹುಡುಗರಿಗೆಲ್ಲ ಒಂದೇ ದಾರಿ: ಹೋಟೆಲು. ಮೊದಲು ಕಪ್ಪು-ಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಅದೃಷ್ಟವಿದ್ದರೆ ಸಪ್ಲೈಯರ್, ಇನ್ನೂ ಅದೃಷ್ಟವಿದ್ದರೆ ಗಲ್ಲಾ. ಚೆಂಬೂರು ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ನನ್ನ ಕೆಲಸ. ಮಲಗುವುದೂ ಅಲ್ಲೇ, ಬೆಂಚುಗಳನ್ನು ಜೋಡಿಸಿಕೊಂಡು.

ಆದರೆ ಈ ಊರಿನಲ್ಲಿ ನಮ್ಮವರು ಇನ್ನೊಂದು ವ್ಯವಸ್ಥೆಯನ್ನೂ ಮಾಡಿಟ್ಟಿದ್ದರು. ಅದೇ ಕನ್ನಡ ರಾತ್ರಿ ಶಾಲೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಹಳೆಯ ಸಂಸ್ಥೆಗಳು ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದವು. ಕೋಟೆ ಭಾಗದಲ್ಲಿ, ದಾದರ್-ಮಾಟುಂಗಾ ಕಡೆ, ಉಪನಗರಗಳಲ್ಲಿ ಹೀಗೆ ಒಂದೊಂದಾಗಿ ಶಾಲೆಗಳಾದವು. ಹಗಲು ಪ್ಲೇಟು ಎತ್ತಿದ ಕೈ ರಾತ್ರಿ ಪುಸ್ತಕ ಎತ್ತುತ್ತಿತ್ತು. ಇವತ್ತು ಮುಂಬಯಿಯಲ್ಲಿ ವಕೀಲರು, ಆಡಿಟರುಗಳು, ಹೋಟೆಲ್ ಮಾಲಕರು ಎಂದು ಹೆಸರಾದ ನಮ್ಮವರಲ್ಲಿ ಎಷ್ಟೋ ಜನ ಈ ಶಾಲೆಗಳ ಬೆಂಚಿನ ಮೇಲೆ ತೂಕಡಿಸಿದವರು. ನಾನು ಓದಿದ್ದೂ ಅಂಥದ್ದೇ ಒಂದರಲ್ಲಿ, ಹಗಲು ಮುನ್ಸಿಪಾಲಿಟಿ ಶಾಲೆಯಾಗಿರುತ್ತಿದ್ದ ಕಟ್ಟಡದಲ್ಲಿ. ಬೆಂಚುಗಳು ನಾಲ್ಕನೇ ಕ್ಲಾಸಿನ ಮಕ್ಕಳದ್ದು. ನಮ್ಮಲ್ಲಿ ಇಪ್ಪತ್ತೈದು ವರ್ಷದವರೂ ಇದ್ದರು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಪಠ್ಯಪುಸ್ತಕ ಪುಣೆಯ ಬಾಲಭಾರತಿಯದ್ದು, ಕನ್ನಡದಲ್ಲೇ. ಮಹಾರಾಷ್ಟ್ರ ಸರಕಾರ ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕಿಸುತ್ತದೆ ಎಂದರೆ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ವಿಜ್ಞಾನಕ್ಕೆ ಬರುತ್ತಿದ್ದವರು ಕುಂದಾಪುರ ಕಡೆಯ ಒಬ್ಬ ಮಾಸ್ತರರು. ಹಗಲು ಯಾವುದೋ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ, ರಾತ್ರಿ ಪಾಠ. ಬೆರಳ ತುದಿಗಳಲ್ಲಿ ಯಾವಾಗಲೂ ಕಂದು ಬಣ್ಣದ ಕಲೆ. ಒಂಬತ್ತನೇ ಕ್ಲಾಸಿನಲ್ಲಿ ಅವರು ಮೊದಲ ಬಾರಿಗೆ ಬೋರ್ಡಿನ ಮೇಲೆ ನೀರಿನ ಸಮೀಕರಣ ಬರೆದರು. ಜಲಜನಕ ಮತ್ತು ಆಮ್ಲಜನಕ ಸೇರಿ ನೀರು. ಎಡಗಡೆ ಎಚ್ ಟು ಮತ್ತು ಓ ಟು, ಬಲಗಡೆ ಎಚ್ ಟು ಓ. "ಎಡಗಡೆ ಆಮ್ಲಜನಕ ಎರಡು, ಬಲಗಡೆ ಒಂದೇ. ಸರಿ ಮಾಡಿ ನೋಡುವ" ಎಂದರು.

ನಾನು ಎದ್ದುಹೋಗಿ ನೀರಿನ ಓ ಪಕ್ಕದಲ್ಲಿ ಒಂದು ಸಣ್ಣ ಎರಡು ಬರೆದು ಬಂದೆ. ಎಡಗಡೆಯೂ ಎರಡು, ಬಲಗಡೆಯೂ ಎರಡು. ಲೆಕ್ಕ ತಾಳೆ!

ಮಾಸ್ತರರು ನಕ್ಕರು. "ಮಾರಾಯ, ಗಿರಾಕಿ ಕುಡಿಯಲಿಕ್ಕೆ ನೀರು ಕೇಳಿದ. ನೀನು ಗಾಯ ತೊಳೆಯುವ ಔಷಧ ತಂದಿಟ್ಟೆ. ಎಚ್ ಟು ಓ ಟು ಅಂದರೆ ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್."

ಕ್ಲಾಸಿನಲ್ಲಿ ಒಬ್ಬನಿಗೂ ಅರ್ಥವಾಗಲಿಲ್ಲ. ಲೆಕ್ಕ ಸರಿಯಾಯಿತಲ್ಲ, ಮತ್ತೆ ಯಾಕೆ ತಪ್ಪು? ಆಗ ಅವರು ಬೋರ್ಡು ಒರೆಸಿದರು. "ನಿಮ್ಮ ಹೋಟೆಲಿಗೇ ಹೋಗುವ. ಒಂದು ಪ್ಲೇಟ್ ಇಡ್ಲಿ ಅಂದರೆ ಎಷ್ಟು?"

"ಎರಡು ಸಾರ್."

"ಒಂದು ಪ್ಲೇಟ್ ವಡೆ?"

"ಅದೂ ಎರಡು."

"ಇಡ್ಲಿ-ವಡಾ?"

"ಎರಡು ಇಡ್ಲಿ, ಒಂದು ವಡೆ."

"ಹಾಂ. ಈಗ ಅಡುಗೆಮನೆಯಿಂದ ಬರುವುದು ಇಡ್ಲಿ ಪ್ಲೇಟು, ವಡೆ ಪ್ಲೇಟು ಮಾತ್ರ. ನೀವು ಅದನ್ನು ಇಡ್ಲಿ-ವಡಾ ಮಾಡಿ ಟೇಬಲಿಗೆ ಕೊಡಬೇಕು. ಒಂದೂ ಉಳಿಯಬಾರದು, ಒಂದೂ ಕಡಿಮೆ ಬೀಳಬಾರದು. ಎಷ್ಟೆಷ್ಟು ಪ್ಲೇಟ್ ತರುತ್ತೀರಿ?"

ಇಡೀ ಕ್ಲಾಸು ಒಟ್ಟಿಗೆ ಕೂಗಿತು. ಎರಡು ಪ್ಲೇಟ್ ಇಡ್ಲಿ, ಒಂದು ಪ್ಲೇಟ್ ವಡೆ, ಎರಡು ಪ್ಲೇಟ್ ಇಡ್ಲಿ-ವಡಾ. ಇದಕ್ಕೆ ಯಾರಿಗೂ ಪೆನ್ನು ಬೇಕಾಗಲಿಲ್ಲ, ದಿನಾ ಮಾಡುವ ಲೆಕ್ಕವಲ್ಲವೇ! ಮಾಸ್ತರರು ಬೋರ್ಡಿನ ಮೇಲೆ ಇಡ್ಲಿಯ ಜಾಗಕ್ಕೆ ಜಲಜನಕ, ವಡೆಯ ಜಾಗಕ್ಕೆ ಆಮ್ಲಜನಕ ಬರೆದರು. ಎರಡು ಎಚ್ ಟು, ಒಂದು ಓ ಟು, ಎರಡು ಎಚ್ ಟು ಓ. ಮುಗಿಯಿತು.

"ಪ್ಲೇಟ್ ಎಷ್ಟು ತರಬೇಕೋ ತನ್ನಿ, ಅದು ನಿಮ್ಮ ಕೈಯಲ್ಲಿದೆ. ಪ್ಲೇಟಿನ ಒಳಗೆ ಎಷ್ಟು ಅನ್ನುವುದು ಭಟ್ಟರ ಕೈಯಲ್ಲಿದೆ. ಅದನ್ನು ಮುಟ್ಟಬೇಡಿ." ಸಮೀಕರಣ ಸರಿದೂಗಿಸುವ ಇಡೀ ವಿದ್ಯೆ ಈ ಎರಡು ಮಾತಿನಲ್ಲಿ ಇದೆ. ಮುಂದೆ ನಿಲ್ಲುವ ದೊಡ್ಡ ಅಂಕಿ ನಮ್ಮದು, ಅಕ್ಷರದ ಕೆಳಗೆ ನಿಲ್ಲುವ ಸಣ್ಣ ಅಂಕಿ ಪ್ರಕೃತಿಯದ್ದು.

*

ಈಗ ಲವಾಸಿಯೆ ಕಡೆಗೆ ಬರೋಣ. ಆಂಟನಿ ಲವಾಸಿಯೆ, ಫ್ರಾನ್ಸಿನವನು, ಹುಟ್ಟಿದ್ದು 1743ರಲ್ಲಿ. ಆಧುನಿಕ ರಸಾಯನಶಾಸ್ತ್ರದ ಪಿತಾಮಹ ಎಂದು ಅವನನ್ನು ಕರೆಯುತ್ತಾರೆ. ಆದರೆ ಅವನ ಹೊಟ್ಟೆಪಾಡು ರಸಾಯನಶಾಸ್ತ್ರವಲ್ಲ! 1768ರಲ್ಲಿ ಅವನು ರಾಜನ ಪರವಾಗಿ ಉಪ್ಪು, ತಂಬಾಕು ಮುಂತಾದವುಗಳ ತೆರಿಗೆ ವಸೂಲಿ ಮಾಡುವ ಗುತ್ತಿಗೆ ಕಂಪನಿಯಲ್ಲಿ ಪಾಲುದಾರನಾಗಿ ಸೇರಿದ. ನಮ್ಮ ಕಡೆಯ ಹಳೇ ಗೇಣಿ-ಗುತ್ತಿಗೆ ಇದ್ದ ಹಾಗೆ: ರಾಜನಿಗೆ ಇಂತಿಷ್ಟು ಎಂದು ಮೊದಲೇ ಕೊಟ್ಟುಬಿಡುವುದು, ಆಮೇಲೆ ಜನರಿಂದ ವಸೂಲಿ ಮಾಡಿಕೊಳ್ಳುವುದು. 1788ರಲ್ಲಿ ಅವನು ಪ್ಯಾರಿಸಿನ ಡಿಸ್ಕೌಂಟ್ ಬ್ಯಾಂಕಿನ ನಿರ್ದೇಶಕರಲ್ಲಿ ಒಬ್ಬನಾದ. 1791ರಲ್ಲಿ ರಾಷ್ಟ್ರೀಯ ಖಜಾನೆಯ ಅಧಿಕಾರಿ. ಅಂದರೆ ಹಗಲೆಲ್ಲ ಜಮಾ-ಖರ್ಚು, ಬೆಳಗಿನ ಮತ್ತು ಸಂಜೆಯ ಹೊತ್ತು ಪ್ರಯೋಗಶಾಲೆ. ನಮ್ಮ ರಾತ್ರಿ ಶಾಲೆಯ ಮಾಸ್ತರರ ಹಾಗೆ.

ಲೆಕ್ಕಪತ್ರದ ಮನುಷ್ಯ ಪ್ರಯೋಗಶಾಲೆಗೆ ಹೋದರೆ ಏನು ಮಾಡುತ್ತಾನೆ? ತಕ್ಕಡಿ ತರುತ್ತಾನೆ. ಅವನಿಗಿಂತ ಮೊದಲಿನವರೂ ತೂಕ ಮಾಡುತ್ತಿದ್ದರು. ರಾಸಾಯನಿಕ ಕ್ರಿಯೆಯನ್ನು ಚಿತ್ರದ ಹಾಗೆ ಬರೆದು ತೋರಿಸಿದವರೂ ಇದ್ದರು. 1615ರಲ್ಲೇ ಜಾನ್ ಬೆಗ್ವೆಂ ಎಂಬವನು ತನ್ನ ಪುಸ್ತಕದಲ್ಲಿ ಅಂಥದ್ದೊಂದು ನಕ್ಷೆ ಅಚ್ಚು ಮಾಡಿಸಿದ್ದ. ಆದರೆ ಅದರಲ್ಲಿ ಯಾವುದು ಎಲ್ಲಿಗೆ ಹೋಯಿತು ಎಂದಿತ್ತೇ ಹೊರತು ಎರಡು ಕಡೆಯ ಮೊತ್ತವೂ ಒಂದೇ ಆಗಬೇಕು ಎಂಬ ಹಠ ಇರಲಿಲ್ಲ. ಲವಾಸಿಯೆಗೆ ಆ ಹಠ ಇತ್ತು. ಹೊರಗಿನಿಂದ ಬರುವ ಗಾಳಿ, ಹೊರಗೆ ಹೋಗುವ ಅನಿಲ, ಎಲ್ಲವನ್ನೂ ಪಾತ್ರೆಯೊಳಗೆ ಹಿಡಿದು ತೂಗಿದ. ಒಳಗೆ ಹೋದದ್ದೆಲ್ಲ ಹೊರಗೆ ಬರಲೇಬೇಕು. ಬಾರದಿದ್ದರೆ ಎಲ್ಲೋ ಎಂಟ್ರಿ ತಪ್ಪಿದೆ!

ಬಿ.ಕಾಂ. ಓದಿದವರಿಗೆ ಇದು ಹಳೆಯ ಪಾಠ. 1494ರಲ್ಲಿ ಇಟಲಿಯ ಲೂಕಾ ಪಾಚೋಲಿ ಎಂಬ ಸನ್ಯಾಸಿ ವೆನಿಸಿನಲ್ಲಿ ಒಂದು ಗಣಿತದ ಪುಸ್ತಕ ಅಚ್ಚು ಮಾಡಿಸಿದ. ಅದರಲ್ಲಿ ಆ ಊರಿನ ವ್ಯಾಪಾರಿಗಳು ಬಳಸುತ್ತಿದ್ದ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿದ್ದಾನೆ. ಪ್ರತಿ ಡೆಬಿಟ್ಟಿಗೂ ಒಂದು ಕ್ರೆಡಿಟ್. ಹಣ ಸುಮ್ಮನೆ ಹುಟ್ಟುವುದಿಲ್ಲ, ಸುಮ್ಮನೆ ಮಾಯವಾಗುವುದಿಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಲವಾಸಿಯೆ ಹಣದ ಜಾಗದಲ್ಲಿ ದ್ರವ್ಯವನ್ನು ಇಟ್ಟ ಅಷ್ಟೇ. ಅವನ ವಿಧಾನವನ್ನು ಇತಿಹಾಸಕಾರರು ಲೆಕ್ಕಪತ್ರಕ್ಕೆ ಹೋಲಿಸುವುದು ಸುಮ್ಮನೆ ಅಲ್ಲ.

1789ರಲ್ಲಿ, ಅದೇ ಫ್ರಾನ್ಸಿನ ಕ್ರಾಂತಿಯ ವರ್ಷದಲ್ಲಿ, ಅವನ ರಸಾಯನಶಾಸ್ತ್ರದ ಪಠ್ಯಪುಸ್ತಕ ಬಂತು. ಅದರಲ್ಲಿ ದ್ರಾಕ್ಷಾರಸ ಹುಳಿಯುವುದರ ಬಗ್ಗೆ ಒಂದು ಅಧ್ಯಾಯವಿದೆ. 400 ಪೌಂಡ್ ನೀರು, 100 ಪೌಂಡ್ ಸಕ್ಕರೆ, 10 ಪೌಂಡ್ ಯೀಸ್ಟ್. ಒಟ್ಟು 510 ಪೌಂಡ್. ಹುಳಿ ಬಂದ ಮೇಲೆ ಎಷ್ಟು ಮದ್ಯಸಾರ, ಎಷ್ಟು ಇಂಗಾಲದ ಅನಿಲ, ಎಷ್ಟು ನೀರು ಉಳಿಯಿತು, ಎಲ್ಲದರ ಕೋಷ್ಟಕ. ಅಲ್ಲೇ ಅವನು ದ್ರಾಕ್ಷಾರಸ ಸಮ ಇಂಗಾಲದ ಆಮ್ಲ ಮತ್ತು ಮದ್ಯಸಾರ ಎಂದು ಬೀಜಗಣಿತದ ಹಾಗೆ ಸಮಚಿಹ್ನೆ ಹಾಕಿ ಬರೆದಿದ್ದಾನೆ. ಈಗ ಮಕ್ಕಳು ಸರಿದೂಗಿಸುವ ಸಮೀಕರಣದ ಅಜ್ಜ ಅದು.

ಹುಳಿ ಬರುವ ವಿಷಯ ನನಗೇನು ಹೊಸದಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಉಕ್ಕಿ ಪಾತ್ರೆಯ ಅಂಚಿಗೆ ಬಂದಿರುತ್ತಿತ್ತು. ಹಿಟ್ಟು ಜಾಸ್ತಿಯಾಯಿತು ಎಂದೇ ನಾನು ತಿಳಿದಿದ್ದೆ. ಮಾಸ್ತರರು "ತೂಕ ಮಾಡಿ ನೋಡು" ಎಂದರು. ಭಟ್ಟರ ಕಾಲು ಹಿಡಿದು, ಸಾಮಾನಿನ ಕೋಣೆಯ ತಕ್ಕಡಿಯಲ್ಲಿ ಒಂದು ಸಣ್ಣ ಪಾತ್ರೆ ಹಿಟ್ಟನ್ನು ರಾತ್ರಿ ತೂಗಿದೆ, ಬೆಳಗ್ಗೆ ಪುನಃ ತೂಗಿದೆ. ತೂಕ ಒಂದು ಚೂರೂ ಹೆಚ್ಚಿರಲಿಲ್ಲ. ಒಳಗೆ ಗಾಳಿಗುಳ್ಳೆ ತುಂಬಿಕೊಂಡು ಊದಿಕೊಂಡಿತ್ತು ಅಷ್ಟೇ. ನಿಜ ಹೇಳಬೇಕೆಂದರೆ ಗುಳ್ಳೆ ಒಡೆದು ಅನಿಲ ಹೊರಗೆ ಹೋಗುವುದರಿಂದ ತೂಕ ಕೂದಲಷ್ಟು ಕಡಿಮೆಯೇ ಆಗಬೇಕು. ಹೋಟೆಲಿನ ತಕ್ಕಡಿಗೆ ಅದು ಕಾಣುವುದಿಲ್ಲ.

ಇನ್ನೊಮ್ಮೆ ಅವರು ಚಿನ್ನದ ಅಂಗಡಿಯಿಂದ ಸಣ್ಣ ತಕ್ಕಡಿ ಬೇಡಿ ತಂದಿದ್ದರು. ಒಂದು ಗಾಜಿನ ಬುಡ್ಡಿಯಲ್ಲಿ ಉಪ್ಪುನೀರು, ಒಳಗೆ ನೂಲಿನಲ್ಲಿ ಕಟ್ಟಿ ಇಳಿಬಿಟ್ಟ ಪುಟ್ಟ ನಳಿಗೆಯಲ್ಲಿ ಬೆಳ್ಳಿಯ ನೈಟ್ರೇಟ್ ದ್ರಾವಣ. ಬೆರಳಿನ ಕಲೆಯ ಗುಟ್ಟು ನನಗೆ ಅವತ್ತು ಗೊತ್ತಾಯಿತು. ಬಿರಡೆ ಬಿಗಿದು ತೂಗಿದರು. ಆಮೇಲೆ ಬುಡ್ಡಿ ಓರೆ ಮಾಡಿದರು. ಎರಡೂ ಸೇರಿದ್ದೇ ತಡ, ಒಡೆದ ಹಾಲಿನ ಹಾಗೆ ಬೆಳ್ಳಗೆ ಗರಣೆ ಕಟ್ಟಿತು. ಪುನಃ ತೂಗಿದರು. ಮುಳ್ಳು ಅಲುಗಲಿಲ್ಲ. ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದವರೂ ಎದ್ದು ಬಂದು ನೋಡಿದರು. ಇದೇ ಬಗೆಯ ಪ್ರಯೋಗವನ್ನು ಜರ್ಮನಿಯ ಹಾನ್ಸ್ ಲಾಂಡೋಲ್ಟ್ ಎಂಬ ವಿಜ್ಞಾನಿ ಬಹಳ ಸೂಕ್ಷ್ಮವಾದ ತಕ್ಕಡಿ ಇಟ್ಟುಕೊಂಡು 1890ರ ದಶಕದಿಂದ 1908ರ ತನಕ ಮಾಡುತ್ತಲೇ ಇದ್ದನಂತೆ. ಅವನಿಗೂ ವ್ಯತ್ಯಾಸ ಸಿಗಲಿಲ್ಲ.

*

ಲವಾಸಿಯೆ ತೂಕದ ಲೆಕ್ಕ ಕೊಟ್ಟ. ಪ್ಲೇಟಿನ ಲೆಕ್ಕ ಅವನಲ್ಲಿ ಇರಲಿಲ್ಲ. ಅದಕ್ಕೆ ಇನ್ನೂ ಎಪ್ಪತ್ತು ವರ್ಷ ಬೇಕಾಯಿತು.

1808ರಲ್ಲಿ ಇಂಗ್ಲೆಂಡಿನ ಜಾನ್ ಡಾಲ್ಟನ್ ತನ್ನ ಪರಮಾಣು ಸಿದ್ಧಾಂತದ ಪುಸ್ತಕ ಹೊರತಂದ. ಒಂದೊಂದು ಧಾತುವಿಗೂ ಒಂದೊಂದು ವೃತ್ತದ ಗುರುತು ಹಾಕಿದ. 1813-14ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಆ ವೃತ್ತಗಳನ್ನು ಬಿಟ್ಟು ಲ್ಯಾಟಿನ್ ಹೆಸರಿನ ಮೊದಲ ಅಕ್ಷರಗಳನ್ನು ಬಳಸಿದ. ಡಾಲ್ಟನ್ನನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ, ಆದರೆ ಗೆದ್ದದ್ದು ಅಕ್ಷರಗಳೇ. ಅಚ್ಚುಮೊಳೆ ಜೋಡಿಸುವವರಿಗೆ ಎಷ್ಟು ಸುಲಭವಾಯಿತು ನೋಡಿ!

ಆದರೆ ನೀರು ಯಾವುದು? ಡಾಲ್ಟನ್ ಪ್ರಕಾರ ಒಂದು ಜಲಜನಕ, ಒಂದು ಆಮ್ಲಜನಕ. ಅಂದರೆ ಬರಿಯ ಎಚ್ ಓ. ಅದೇ ಹೊತ್ತಿಗೆ ಫ್ರಾನ್ಸಿನ ಗೇ-ಲುಸಾಕ್ ಅನಿಲಗಳನ್ನು ಅಳೆದು, ಎರಡು ಪಾಲು ಜಲಜನಕ ಮತ್ತು ಒಂದು ಪಾಲು ಆಮ್ಲಜನಕ ಸೇರಿದರೆ ಎರಡು ಪಾಲು ನೀರಾವಿ ಬರುತ್ತದೆ ಎಂದ. ಡಾಲ್ಟನ್ ಒಪ್ಪಲಿಲ್ಲ. ಒಂದು ಪಾಲು ಆಮ್ಲಜನಕ ಎರಡು ಪಾಲು ನೀರಿಗೆ ಹಂಚಿಹೋಗಬೇಕಾದರೆ ಪರಮಾಣುವನ್ನೇ ಎರಡು ತುಂಡು ಮಾಡಬೇಕಲ್ಲ! ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದು ಪ್ಲೇಟಿನಲ್ಲಿ ಒಂದೇ ವಡೆ ಇದೆ ಎಂದು ಅವನು ತಿಳಿದಿದ್ದ. 1811ರಲ್ಲಿ ಇಟಲಿಯ ಅವೊಗಾಡ್ರೊ ಪ್ಲೇಟಿನಲ್ಲಿ ಇರುವುದು ಎರಡು ವಡೆ ಎಂದು ಸೂಚಿಸಿದ. ವಡೆ ಮುರಿಯಬೇಕಾಗಿಲ್ಲ, ಪ್ಲೇಟಿನಿಂದ ಒಂದೊಂದು ಎತ್ತಿಟ್ಟರೆ ಸಾಕು. ಇಷ್ಟು ಸರಳವಾದ ಮಾತು ಅವತ್ತು ಹೆಚ್ಚಿನವರ ಕಿವಿಗೆ ಬೀಳಲಿಲ್ಲ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನಶಾಸ್ತ್ರಜ್ಞರ ದೊಡ್ಡ ಸಮ್ಮೇಳನ ನಡೆದಾಗ ಇಟಲಿಯವನೇ ಆದ ಕ್ಯಾನಿಜಾರೋ ಅದನ್ನು ವಿವರಿಸಿದ. ಆಮೇಲೆ ಸೂತ್ರಗಳ ಗೊಂದಲ ನಿಧಾನವಾಗಿ ಬಗೆಹರಿಯಿತು. ಅವೊಗಾಡ್ರೊ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು.

ಅಂದರೆ ನಾನು ಬೋರ್ಡಿನ ಮೇಲೆ ಮಾಡಿದ ತಪ್ಪು ದಡ್ಡನ ತಪ್ಪಲ್ಲ. ಪ್ಲೇಟಿನೊಳಗೆ ಎಷ್ಟಿದೆ ಎಂದು ತಿಳಿಯಲು ಮಹಾ ಮಹಾ ವಿದ್ವಾಂಸರೇ ಅರ್ಧ ಶತಮಾನ ತಿಣುಕಾಡಿದ್ದಾರೆ. ನಾವು ಅದನ್ನು ಹದಿನೈದು ವರ್ಷದ ಮಕ್ಕಳಿಗೆ ಒಂದು ಪೀರಿಯಡ್ಡಿನಲ್ಲಿ ಹೇಳಿ, ತಿಳಿಯದಿದ್ದರೆ ಬೈಯುತ್ತೇವೆ.

ಸೂತ್ರ ಸರಿಯಾದ ಮೇಲೆ ಸರಿದೂಗಿಸುವುದು ಬರೀ ಗಣಿತ. 1878ರಲ್ಲಿ ಬಾಟಮ್ಲಿ ಎಂಬವನು ಪ್ರತಿಯೊಂದಕ್ಕೂ ಗೊತ್ತಿಲ್ಲದ ಒಂದು ಅಂಕಿ ಇಟ್ಟು ಬೀಜಗಣಿತದಿಂದ ಬಿಡಿಸುವ ದಾರಿಯನ್ನು ಬರೆದ. ನಮ್ಮ ಮಾಸ್ತರರು ಬೀಜಗಣಿತಕ್ಕೆ ಹೋಗಲಿಲ್ಲ, ಗ್ಯಾಸ್ ಸಿಲಿಂಡರಿಗೆ ಹೋದರು. ಅಡುಗೆಯ ಗ್ಯಾಸಿನಲ್ಲಿ ಮುಖ್ಯವಾಗಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಪ್ರೊಪೇನಿನಲ್ಲಿ ಇಂಗಾಲ ಮೂರು, ಜಲಜನಕ ಎಂಟು. ಉರಿದರೆ ಇಂಗಾಲದ ಡೈ ಆಕ್ಸೈಡ್ ಮೂರು, ನೀರು ನಾಲ್ಕು. ಅದಕ್ಕೆ ಬೇಕಾದ ಆಮ್ಲಜನಕ ಆರು ಮತ್ತು ನಾಲ್ಕು, ಒಟ್ಟು ಹತ್ತು. ಐದು ಪ್ಲೇಟು. ಸಲೀಸು. ಬ್ಯೂಟೇನಿನಲ್ಲಿ ಇಂಗಾಲ ನಾಲ್ಕು, ಜಲಜನಕ ಹತ್ತು. ಬೇಕಾದ ಆಮ್ಲಜನಕ ಎಂಟು ಮತ್ತು ಐದು, ಹದಿಮೂರು. ಆರೂವರೆ ಪ್ಲೇಟು! ನಾವೆಲ್ಲ ಅಲ್ಲಿಗೆ ನಿಂತೆವು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವನು ಕಾರ್ಕಳ ಕಡೆಯವನು, ನಮ್ಮ ಹೋಟೆಲಿನಲ್ಲೇ ಸಪ್ಲೈಯರ್. ಕೂತಲ್ಲಿಂದಲೇ ಹೇಳಿದ: "ಸಾರ್, ನಮ್ಮಲ್ಲಿ ಹಾಫ್ ಪ್ಲೇಟ್ ಇಲ್ಲ. ಆರ್ಡರೇ ಡಬಲ್ ಮಾಡುವ." ಎರಡು ಬ್ಯೂಟೇನ್, ಹದಿಮೂರು ಆಮ್ಲಜನಕ, ಎಂಟು ಇಂಗಾಲದ ಡೈ ಆಕ್ಸೈಡ್, ಹತ್ತು ನೀರು. ಮಾಸ್ತರರು ಚಾಕ್‌ಪೀಸ್ ಕೆಳಗಿಟ್ಟು ಅವನನ್ನೇ ನೋಡಿದರು. ಅವತ್ತು ಅವರ ಮುಖದಲ್ಲಿ ಇದ್ದ ಸಂತೋಷ ನನಗಿನ್ನೂ ನೆನಪಿದೆ. ಆ ಸಂತೋಷ ನನ್ನಿಂದಾಗಿ ಬರಲಿಲ್ಲವಲ್ಲ ಎಂದು ನನಗಾದ ಹೊಟ್ಟೆಕಿಚ್ಚೂ ನೆನಪಿದೆ.

*

ನಮ್ಮ ಚೆಂಬೂರಿನಲ್ಲಿ ಕೂತು ಈ ಕತೆ ಹೇಳುವಾಗ ಕಿಟಕಿಯ ಹೊರಗೆ ನೋಡದೆ ಇರಲಾಗುವುದಿಲ್ಲ. ಟ್ರಾಂಬೆ-ಮಾಹುಲ್ ಕಡೆ 1950ರ ದಶಕದಲ್ಲೇ ತೈಲ ಶುದ್ಧೀಕರಣ ಘಟಕಗಳು ಬಂದವು. 1965ರಲ್ಲಿ ಸರಕಾರಿ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಶುರು ಮಾಡಿತು. 1978ರಿಂದ ಅದೇ ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಜರ್ಸ್, ನಾವು ಆರ್.ಸಿ.ಎಫ್. ಎನ್ನುವುದು. ಇದೇ ಊರಿನಿಂದ ಸುಫಲಾ 15-15-15 ಎಂಬ ಚೀಲಗಳು ಕರ್ನಾಟಕದ ಗದ್ದೆಗಳ ತನಕ ಹೋಗುತ್ತವೆ.

ಅಲ್ಲಿ ದಿನಾ ನಡೆಯುವುದು ಇದೇ ಪ್ಲೇಟಿನ ಲೆಕ್ಕ. ಗಾಳಿಯಲ್ಲಿರುವ ಸಾರಜನಕ ಒಂದು ಪ್ಲೇಟು, ಜಲಜನಕ ಮೂರು ಪ್ಲೇಟು, ಬರುವುದು ಎರಡು ಪ್ಲೇಟು ಅಮೋನಿಯಾ. ತೂಕದಲ್ಲಿ ಹೇಳಿದರೆ 28 ಕಿಲೋ ಸಾರಜನಕ, 6 ಕಿಲೋ ಜಲಜನಕ, 34 ಕಿಲೋ ಅಮೋನಿಯಾ. ಆ 34 ಕಿಲೋ ಅಮೋನಿಯಾಕ್ಕೆ 44 ಕಿಲೋ ಇಂಗಾಲದ ಡೈ ಆಕ್ಸೈಡ್ ಕೂಡಿಸಿದರೆ 60 ಕಿಲೋ ಯೂರಿಯಾ, 18 ಕಿಲೋ ನೀರು. ಆ ಕಡೆ 78, ಈ ಕಡೆ 78. ಅರವತ್ತು ಕಿಲೋ ಯೂರಿಯಾದಲ್ಲಿ ಇಪ್ಪತ್ತೆಂಟು ಕಿಲೋ ಸಾರಜನಕ ಇದೆ, ಅಂದರೆ ಶೇಕಡಾ 46ಕ್ಕಿಂತ ಸ್ವಲ್ಪ ಹೆಚ್ಚು. ಊರಿನಲ್ಲಿ ಯೂರಿಯಾ ಚೀಲದ ಮೇಲೆ 46 ಎಂಬ ಅಂಕಿ ನೋಡಿದ್ದೀರಲ್ಲ, ಅದು ಬಂದದ್ದು ಇಲ್ಲಿಂದ.

ಆದರೆ ಕಾಗದದ ಮೇಲೆ ಸರಿದೂಗಿದ ಮಾತ್ರಕ್ಕೆ ಅಮೋನಿಯಾ ಬಂದುಬಿಡುವುದಿಲ್ಲ. ನಮ್ಮ ಸುತ್ತಲಿನ ಗಾಳಿಯಲ್ಲಿ ಸಾರಜನಕ ಬೇಕಾದಷ್ಟಿದೆ, ಜಲಜನಕದ ಹತ್ತಿರ ತಂದಿಟ್ಟರೂ ಸುಮ್ಮನಿರುತ್ತದೆ. 1909ರಲ್ಲಿ ಜರ್ಮನಿಯ ಹೇಬರ್ ಹೆಚ್ಚಿನ ಒತ್ತಡ, ಶಾಖ, ವೇಗವರ್ಧಕ ಬಳಸಿ ಅದನ್ನು ಮಾಡಿ ತೋರಿಸಿದ. ಬಾಷ್ ಅದನ್ನು ಕಾರ್ಖಾನೆಗೆ ಹಿಗ್ಗಿಸಿ 1913ರಲ್ಲಿ ಓಪ್ಪಾವಿನಲ್ಲಿ ಉತ್ಪಾದನೆ ಶುರುವಾಯಿತು. ಸಮೀಕರಣ ಹೇಳುವುದು ಆದರೆ ಎಷ್ಟಾಗುತ್ತದೆ ಎಂದು. ಆಗುತ್ತದೋ ಇಲ್ಲವೋ ಎಂದು ಅದು ಹೇಳುವುದಿಲ್ಲ.

ಇನ್ನೊಂದು ತಮಾಷೆ ಕೇಳಿ. ಟ್ರಾಂಬೆ ಗುಡ್ಡದ ಇನ್ನೊಂದು ಮಗ್ಗುಲಿನಲ್ಲಿ ನಮ್ಮ ಅಣುಶಕ್ತಿ ಕೇಂದ್ರ ಇದೆ. ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು 1972ರಲ್ಲಿ ಅದರ ನಿರ್ದೇಶಕರಾದರು. ಅಲ್ಲಿ 1956ರಲ್ಲಿ ಅಪ್ಸರಾ ರಿಯಾಕ್ಟರ್ ಶುರುವಾಯಿತು. ಯುರೇನಿಯಂ ಒಡೆದಾಗ ಲವಾಸಿಯೆಯ ತಕ್ಕಡಿ ತಾಳೆಯಾಗುವುದಿಲ್ಲ! ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ ತೂಕ ಕಾಣೆಯಾಗುತ್ತದೆ. ಐನ್‌ಸ್ಟೈನ್ 1905ರಲ್ಲಿ ಹೇಳಿದ ಹಾಗೆ ಅದು ಶಕ್ತಿಯ ಖಾತೆಗೆ ವರ್ಗವಾಗಿರುತ್ತದೆ. ಎರಡು ಖಾತೆಗಳನ್ನೂ ಒಟ್ಟಿಗೆ ನೋಡಿದರೆ ಲೆಕ್ಕ ಸರಿ. ಒಂದೇ ಗುಡ್ಡದ ಸುತ್ತ ಹಳೇ ಲೆಡ್ಜರು, ಹೊಸ ಲೆಡ್ಜರು ಎರಡೂ ಇವೆ.

*

ಬ್ಯಾಂಕಿನಲ್ಲಿ ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಅಧಿಕಾರಿಯೊಬ್ಬರು ಹೇಳುತ್ತಿದ್ದರು: ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು ಎಂದರೆ ಕೂಡಿಸಿದ್ದು ಸರಿ ಎಂದು ಅರ್ಥ, ಪುಸ್ತಕ ಸರಿ ಎಂದಲ್ಲ. ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿಬಿಟ್ಟರೆ ಮೊತ್ತ ಸರಿಯಾಗಿಯೇ ಕಾಣುತ್ತದೆ. ಲವಾಸಿಯೆಯ ಆ ಪ್ರಸಿದ್ಧ 510 ಪೌಂಡಿನ ಕೋಷ್ಟಕದಲ್ಲೂ ಆದದ್ದು ಇದೇ. ಎರಡು ಕಡೆಯೂ ತಾಳೆಯಾಗುತ್ತದೆ, ಆದರೆ ನಂತರದವರು ಪರೀಕ್ಷಿಸಿದಾಗ ಸಕ್ಕರೆ ಮತ್ತು ಮದ್ಯಸಾರದ ಅವನ ಅಂಕಿಗಳಲ್ಲಿ ತಪ್ಪುಗಳು ಸಿಕ್ಕಿದವು. ಒಂದನ್ನೊಂದು ಹೊಡೆದುಹಾಕಿ ಕೂತಿದ್ದವು. ಹಠ ಸರಿ, ಅಂಕಿ ತಪ್ಪು. ಆದರೂ ಆ ಹಠವೇ ಮುಂದಿನವರಿಗೆ ತಪ್ಪು ಹುಡುಕುವ ದಾರಿ ಕೊಟ್ಟಿತು.

ಅವನ ಇನ್ನೊಂದು ತಪ್ಪು ನಮ್ಮ ಕನ್ನಡದಲ್ಲೇ ಇದೆ ಎಂದರೆ ನಂಬುತ್ತೀರಾ? ಆಕ್ಸಿಜನ್ ಎಂಬ ಹೆಸರು ಅವನು ಇಟ್ಟದ್ದು. ಗ್ರೀಕಿನಲ್ಲಿ ಆಮ್ಲವನ್ನು ಹುಟ್ಟಿಸುವುದು ಎಂದರ್ಥ. ಎಲ್ಲಾ ಆಮ್ಲಗಳಲ್ಲೂ ಅದು ಇದ್ದೇ ಇರುತ್ತದೆ ಎಂದು ಅವನ ನಂಬಿಕೆ. 1810ರಲ್ಲಿ ಇಂಗ್ಲೆಂಡಿನ ಡೇವಿ, ಉಪ್ಪಿನಿಂದ ಬರುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು ತೋರಿಸಿದ. ಆದರೆ ಹೆಸರು ಹಾಗೇ ಉಳಿಯಿತು. ನಮ್ಮವರು ಅದನ್ನು ಪ್ರಾಮಾಣಿಕವಾಗಿ ಆಮ್ಲಜನಕ ಎಂದು ಕನ್ನಡಕ್ಕೆ ತಂದರು. ಹಳೇ ಲೆಡ್ಜರಿನ ತಪ್ಪು ಬಾಕಿ ಹೊಸ ಲೆಡ್ಜರಿಗೆ ಮುಂದುವರಿದ ಹಾಗೆ.

ಆದರೆ ಇನ್ನೊಂದು ಪದದಲ್ಲಿ ಕನ್ನಡ ಇಂಗ್ಲಿಷಿಗಿಂತ ಏನೂ ಕಡಿಮೆಯಿಲ್ಲ. ಸರಿದೂಗಿಸು ಎನ್ನುವುದರಲ್ಲಿ ತೂಗು ಎಂಬುದು ಅಡಗಿದೆ. ಲವಾಸಿಯೆಯ ತಕ್ಕಡಿ ಪದದೊಳಗೇ ಇದೆ! 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಶುರು ಮಾಡಿದರು. 1936ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದರು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೆ.ಆರ್. ಲಕ್ಷ್ಮಣರಾಯರು 'ಬಾಲವಿಜ್ಞಾನ' ಪತ್ರಿಕೆಯನ್ನು ವರ್ಷಗಟ್ಟಲೆ ನಡೆಸಿದರು. ಇವರೆಲ್ಲ ಉತ್ತು ಬಿತ್ತಿದ ಪದಗಳು ಸಾವಿರ ಕಿಲೋಮೀಟರ್ ದೂರದ ಮುಂಬಯಿಯಲ್ಲಿ, ರಾತ್ರಿ ಒಂಬತ್ತು ಗಂಟೆಗೆ, ನಿದ್ದೆ ತೂಗುವ ಹೋಟೆಲ್ ಹುಡುಗರ ತಲೆಗೆ ಇಳಿದವು. ಇಂಗ್ಲಿಷಿನಲ್ಲಿ ಹೇಳಿದ್ದರೆ ನಾನು ಅವತ್ತೇ ಶಾಲೆ ಬಿಡುತ್ತಿದ್ದೆ.

ಲವಾಸಿಯೆಯ ಕೊನೆ ಒಳ್ಳೆಯದಾಗಲಿಲ್ಲ. ಕ್ರಾಂತಿಯ ಸರಕಾರ ಹಳೇ ತೆರಿಗೆ ಗುತ್ತಿಗೆದಾರರನ್ನೆಲ್ಲ ಹಿಡಿದು ವಿಚಾರಣೆಗೆ ನಿಲ್ಲಿಸಿತು. ತಂಬಾಕಿಗೆ ನೀರು ಬೆರೆಸಿ ತೂಕ ಹೆಚ್ಚಿಸಿದರು ಎಂಬುದೂ ಆರೋಪಗಳಲ್ಲಿ ಒಂದು. ಜೀವಮಾನವಿಡೀ ತೂಕ ಸರಿ ಇರಬೇಕು ಎಂದು ಹಠ ಹಿಡಿದವನ ಮೇಲೆ ಇದು! 1794ರ ಮೇ 8ರಂದು ಅವನ ತಲೆ ಹೋಯಿತು. ಎರಡು ವರ್ಷ ತುಂಬುವ ಮೊದಲೇ ಸರಕಾರ ಅವನಿಗೆ ಶಿಕ್ಷೆಯಾದದ್ದು ತಪ್ಪು ಎಂದು ಒಪ್ಪಿಕೊಂಡು ಹೆಂಡತಿಗೆ ಸಾಮಾನುಗಳನ್ನು ಹಿಂದಿರುಗಿಸಿತು. ರಿವರ್ಸಲ್ ಎಂಟ್ರಿ ಹಾಕಿದರೆ ಪುಸ್ತಕ ಸರಿಯಾದೀತು, ಮನುಷ್ಯ ಬರುವುದಿಲ್ಲ.

*

ನಾನು ಎಸ್.ಎಸ್.ಸಿ. ಪಾಸಾದೆ. ವಿಜ್ಞಾನದಲ್ಲಿ ಕೂದಲೆಳೆಯಲ್ಲಿ. ಪರೀಕ್ಷೆಯಲ್ಲಿ ಸಮೀಕರಣ ಕೇಳದಿದ್ದರೆ ಅದೂ ಇಲ್ಲ. ಬೆಳಗಿನ ಕಾಲೇಜಿನಲ್ಲಿ ಬಿ.ಕಾಂ. ಮಾಡಿ ಬ್ಯಾಂಕು ಸೇರಿದೆ.

ಹದಿಮೂರು ಎಂದು ಹೇಳಿದವನು ಹತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟ. ಧಣಿಗಳು ಅವನನ್ನು ದೂರದ ಇನ್ನೊಂದು ಹೋಟೆಲಿಗೆ ಕಳಿಸಿದರು. ಅಲ್ಲಿ ರಾತ್ರಿ ಪಾಳಿ, ಶಾಲೆ ಸಾಧ್ಯವಿರಲಿಲ್ಲ. ನಾನು ಅವನ ಪರವಾಗಿ ಧಣಿಗಳ ಹತ್ತಿರ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ನನ್ನನ್ನೇ ಕಳಿಸಿಯಾರು ಎಂದು ಹೆದರಿಕೆ. ಹದಿನೇಳು ವರ್ಷದ ಹುಡುಗನ ಹೆದರಿಕೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ಎಂಟ್ರಿ ಮಾತ್ರ ಇವತ್ತಿಗೂ ಸಸ್ಪೆನ್ಸ್ ಅಕೌಂಟಿನಲ್ಲೇ ಇದೆ.

ಕೆಲವು ವರ್ಷದ ಹಿಂದೆ ಊರಿನ ಒಂದು ಮದುವೆ ಮನೆಯಲ್ಲಿ ಸಿಕ್ಕಿದ. ಈಗ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಊಟದ ಪಂಕ್ತಿಯಲ್ಲಿ ಪಕ್ಕ ಪಕ್ಕ ಕೂತೆವು. ಸಾರು ಬಡಿಸುವ ಹೊತ್ತಿಗೆ ಅವನೇ ಕೇಳಿದ: "ಹದಿಮೂರೇ ಅಲ್ವನಾ, ಆ ಗ್ಯಾಸಿಂದು?" ನಾನು ಹೌದು ಎಂದೆ. "ನಾನು ಮಗಳಿಗೂ ಹಾಗೇ ಹೇಳಿಕೊಟ್ಟೆ ಮಾರಾಯ, ಹಾಫ್ ಪ್ಲೇಟ್ ಇಲ್ಲ ಅಂತ" ಎಂದು ನಕ್ಕ. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮಾಸ್ತರರು ಈಗಿಲ್ಲ. ನಾನು ಓದಿದ ಶಾಲೆಯೂ ಈಗಿಲ್ಲ. ಊರಿನಿಂದ ಹೋಟೆಲಿಗೆ ಹುಡುಗರು ಬರುವುದು ನಿಂತಿತು, ಮಕ್ಕಳು ಇಂಗ್ಲಿಷ್ ಮೀಡಿಯಮ್ಮಿಗೆ ಹೋದರು, ಬೆಂಚು ಖಾಲಿಯಾಯಿತು. ಇದಕ್ಕೆ ಯಾರನ್ನು ದೂರುವುದು? ನನ್ನ ಮಕ್ಕಳನ್ನೂ ನಾನು ಇಂಗ್ಲಿಷ್ ಶಾಲೆಗೇ ಹಾಕಿದ್ದು. ಚಿಕ್ಕ ಊರಿನ ಹುಡುಗರು ಚಿಕ್ಕಂದಿನಲ್ಲೇ ಕಪ್ಪು ತೊಳೆಯಲು ಬರುವುದು ನಿಂತದ್ದು ಒಳ್ಳೆಯದೇ. ಆದರೂ ಒಂದು ಬಾಗಿಲು ಮುಚ್ಚಿತು ಎಂದು ಬೇಸರವಾಗುತ್ತದೆ. ಎರಡೂ ನಿಜ.

ಮೂರನೇ ಮಾಳಿಗೆಯ ಹುಡುಗಿ ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿದಳು. ಟ್ಯೂಷನ್ನಿನಲ್ಲಿ ಎಲ್ಲರಿಗೂ ಇಡ್ಲಿ-ವಡಾ ಲೆಕ್ಕ ಹೇಳಿಕೊಟ್ಟಳಂತೆ. ಅವರ ಸರ್ ಕೂಡ ನಕ್ಕರಂತೆ. "ಅಂಕಲ್, ಇದು ಯಾವ ಪುಸ್ತಕದಲ್ಲಿದೆ?" ಎಂದು ಕೇಳಿದಳು.

ಪುಸ್ತಕದಲ್ಲಿ ಇಲ್ಲಮ್ಮ, ನಮ್ಮ ಮಾಸ್ತರರು ಹೇಳಿದ್ದು ಎಂದೆ. ಅಷ್ಟರಲ್ಲಿ ಅವಳ ಮಾಳಿಗೆ ಬಂತು.